ಮಾಸ್‌ಫೆಟ್ ಸುಡುತ್ತಿದೆ, ಪವರ್ ಮಾತ್ರ ಬರುತ್ತಿಲ್ಲ: ಪುಟ್ಟ ಕ್ಲಾಸ್-ಇ ಆಂಪ್ಲಿಫೈಯರ್‌ನ ದೋಷ ಹುಡುಕುವ ಬಗೆ

ಏಪ್ರಿಲ್ ತಿಂಗಳ ಮಧ್ಯಾಹ್ನ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಮ್ಮ ಮನೆಯ ಮಹಡಿ ಕೋಣೆ, ಒಳಗೇ 38 ಡಿಗ್ರಿ. ಮೇಜಿನ ಮೇಲೆ ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡ ಬೋರ್ಡು. 7 ಮೆಗಾಹರ್ಟ್ಸ್ ಹ್ಯಾಮ್ ಬ್ಯಾಂಡಿನಲ್ಲಿ ಮೋರ್ಸ್ ಕಳಿಸಲು ನಾನೇ ಕಟ್ಟಿದ ಕ್ಲಾಸ್-ಇ ಆಂಪ್ಲಿಫೈಯರ್, ಅಂದರೆ ಮಾಸ್‌ಫೆಟ್ ಎಂಬ ಟ್ರಾನ್ಸಿಸ್ಟರನ್ನು ಸ್ವಿಚ್ಚಿನಂತೆ ಆನ್-ಆಫ್ ಮಾಡಿ ನಷ್ಟ ತಗ್ಗಿಸುವ ಬಗೆಯದು. ಮೂರು ಬಿಎಸ್170 ಮಾಸ್‌ಫೆಟ್‌ಗಳು ಸಾಲಾಗಿ, ಹಿಂದೆ ಅವನ್ನು ಆನ್-ಆಫ್ ಮಾಡುವ ಒಂದು 74ಎಸಿಟಿ00 ಡ್ರೈವರ್ ಚಿಪ್, ಮುಂದೆ ಬೇಡದ ಮೇಲಿನ ಫ್ರೀಕ್ವೆನ್ಸಿಗಳನ್ನು ತಡೆಯುವ ಲೋ-ಪಾಸ್ ಫಿಲ್ಟರ್. ಹೀಟ್‌ಸಿಂಕ್ ಇಲ್ಲ. ಇರಬಾರದು ಅನ್ನುವುದೇ ಈ ವಿನ್ಯಾಸದ ಗುರಿ.

ಲೆಕ್ಕದ ಪ್ರಕಾರ 12 ವೋಲ್ಟಿಗೆ 3.9 ವ್ಯಾಟ್ ಬರಬೇಕು, ಕರೆಂಟ್ 0.33 ಆಂಪಿಯರ್ ಆಸುಪಾಸಿನಲ್ಲಿ ಇರಬೇಕು. ನನಗೆ ಬಂದದ್ದು 2.9 ವ್ಯಾಟ್. ಕರೆಂಟ್ 0.42. ಹತ್ತು ಸೆಕೆಂಡ್ ಮೋರ್ಸ್ ಕೀ ಒತ್ತಿದರೆ ಸಾಕು, ಮಾಸ್‌ಫೆಟ್ ಮೇಲೆ ಬೆರಳು ಇಡಲು ಆಗುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ನಮ್ಮ ಕೈ ತಾನಾಗಿಯೇ ಸೋಲ್ಡರಿಂಗ್ ಐರನ್ ಕಡೆ ಹೋಗುತ್ತದೆ. ಮಾಸ್‌ಫೆಟ್ ಬದಲಿಸೋಣ, ಕಾಯಿಲ್‌ಗೆ ಒಂದು ಸುತ್ತು ಜಾಸ್ತಿ ಹಾಕೋಣ ಅನಿಸುತ್ತದೆ. ದಯವಿಟ್ಟು ತಡೆಯಿರಿ. ಮೊದಲು ಒಂದು ಲೆಕ್ಕ ಬರೆಯಿರಿ. ಒಳಗೆ ಹೋದದ್ದು 12 ಗುಣಿಲೆ 0.42, ಅಂದರೆ 5.04 ವ್ಯಾಟ್. ಹೊರಗೆ ಬಂದದ್ದು 2.9. ನಡುವೆ 2.1 ವ್ಯಾಟ್ ಕಾಣೆಯಾಗಿದೆ. ಅದು ಗಾಳಿಯಲ್ಲಿ ಮಾಯವಾಗಿಲ್ಲ, ಈ ಪುಟ್ಟ ಬೋರ್ಡಿನ ಮೇಲೆಯೇ ಯಾವುದೋ ಭಾಗವನ್ನು ಬಿಸಿ ಮಾಡುತ್ತಾ ಕೂತಿದೆ. ಅದು ಎಲ್ಲಿ ಕೂತಿದೆ ಎಂದು ಹುಡುಕುವುದೇ ನಮ್ಮ ಕೆಲಸ. ಮುಂದೆ ಹೇಳುವುದೆಲ್ಲ ಈ 2.1 ವ್ಯಾಟಿನ ಬೆನ್ನು ಹತ್ತಿದ ಕಥೆ.

ಅಳತೆ ಸರಿಯಿದೆಯೇ?

ಆಂಟೆನಾ ಬಿಚ್ಚಿಡಿ. ಲೈಸೆನ್ಸ್ ಇದ್ದರೂ ರಿಪೇರಿ ಕೆಲಸವನ್ನು ಡಮ್ಮಿ ಲೋಡ್ ಮೇಲೆಯೇ, ಅಂದರೆ ಆಂಟೆನಾ ಬದಲಿಗೆ ಪವರ್ ನುಂಗುವ ರೆಸಿಸ್ಟರ್ ಮೇಲೆಯೇ, ಮಾಡಬೇಕು. 1 ಕಿಲೋಓಮ್‌ನ ಕಾಲು ವ್ಯಾಟ್ ಕಾರ್ಬನ್ ಅಥವಾ ಮೆಟಲ್ ಫಿಲ್ಮ್ ರೆಸಿಸ್ಟರ್ 20 ತಂದು ಪ್ಯಾರಲಲ್ ಆಗಿ ಸೇರಿಸಿದರೆ 50 ಓಮ್, 5 ವ್ಯಾಟ್ ಲೋಡ್ ಸಿದ್ಧ. ವೈರ್ ಸುತ್ತಿದ ರೆಸಿಸ್ಟರ್ ಬೇಡ, ಅದು ಈ ಫ್ರೀಕ್ವೆನ್ಸಿಯಲ್ಲಿ ಕಾಯಿಲ್ ಆಗಿಬಿಡುತ್ತದೆ.

ಲೋಡಿನ ತುದಿಗೆ 1ಎನ್4148 ಡಯೋಡ್ ಮತ್ತು 0.01 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ ಡಿಸಿ ಓದಿಕೊಳ್ಳಿ. ಬಂದ ವೋಲ್ಟಿಗೆ 0.6 ಸೇರಿಸಿ, ವರ್ಗ ಮಾಡಿ, 100ರಿಂದ ಭಾಗಿಸಿದರೆ ವ್ಯಾಟ್ ಸಿಗುತ್ತದೆ. ನನ್ನ ಮೀಟರ್ 16.4 ತೋರಿಸಿತು. 17ರ ವರ್ಗ 289, ಅಂದರೆ 2.9 ವ್ಯಾಟ್. ಒಂದು ಎಚ್ಚರ: ಈ ಅಳತೆ ಫಿಲ್ಟರ್ ದಾಟಿದ ಮೇಲೆಯೇ ಆಗಬೇಕು. ಫಿಲ್ಟರ್‌ಗೆ ಮುಂಚೆ ಅಳೆದರೆ ಹಾರ್ಮೋನಿಕ್‌ಗಳೂ (7ರ ಎರಡು, ಮೂರು ಪಟ್ಟಿನ ಫ್ರೀಕ್ವೆನ್ಸಿಗಳು) ಸೇರಿ ಸುಳ್ಳು ಸಂಖ್ಯೆ ಬರುತ್ತದೆ, ನೀವು ಸುಮ್ನೆ ಖುಷಿಪಡುತ್ತೀರಿ.

ನಮ್ಮ ಊರಿಗೇ ಸೇರಿದ ಇನ್ನೊಂದು ಮಾತು. ಧಾರವಾಡದ ಗೆಳೆಯರೊಬ್ಬರು ಕೀ ಒತ್ತದಿದ್ದರೂ ಪವರ್ ಮೀಟರ್ ಮುಳ್ಳು ಅಲ್ಲಾಡುತ್ತದೆ, ಆಂಪ್ಲಿಫೈಯರ್ ಆಸಿಲೇಟ್ ಆಗುತ್ತಿದೆ, ಅಂದರೆ ತಾನೇ ಅಲೆ ಹುಟ್ಟಿಸುತ್ತಿದೆ ಎಂದು ಗಾಬರಿಯಾಗಿದ್ದರು. ಬೋರ್ಡಿಗೆ ಬರುವ 12 ವೋಲ್ಟ್ ತೆಗೆದರೂ ಮುಳ್ಳು ಅಲ್ಲಾಡಿತು! ಅವರ ಉದ್ದನೆಯ ಆಂಟೆನಾ ವೈರ್ ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್ ಅಲೆಯನ್ನು ಹಿಡಿದು ಡಯೋಡಿಗೆ ಕೊಡುತ್ತಿತ್ತು. ಆಂಟೆನಾ ಬಿಚ್ಚಿ ಡಮ್ಮಿ ಲೋಡ್ ಹಾಕಿದ ಕೂಡಲೇ ಮುಳ್ಳು ಸೊನ್ನೆಗೆ ಬಂತು. ಆ ಬೋರ್ಡಿನಲ್ಲಿ ದೋಷವೇ ಇರಲಿಲ್ಲ.

ಗೇಟ್ ಕಡೆಯಿಂದ ಶುರು ಮಾಡಿ

ಮಾಸ್‌ಫೆಟ್‌ನಲ್ಲಿ ಆನ್-ಆಫ್ ಆಜ್ಞೆ ಹೋಗುವ ಕಾಲು ಗೇಟ್, ಕರೆಂಟ್ ಒಳಬರುವ ಕಾಲು ಡ್ರೇನ್. ಡ್ರೇನ್‌ಗೆ ಹೋಗುವ 12 ವೋಲ್ಟ್ ಬಿಚ್ಚಿ, ಡ್ರೈವರ್‌ಗೆ 5 ವೋಲ್ಟ್ ಮಾತ್ರ ಕೊಡಿ. ಸಾಧಾರಣ ಮಲ್ಟಿಮೀಟರ್ ಸಾಕು. ಕೀ ಬಿಟ್ಟಾಗ ಗೇಟ್ ಮೇಲೆ ಡಿಸಿ ಸೊನ್ನೆ ಇರಬೇಕು. ಕೀ ಒತ್ತಿದಾಗ ಸುಮಾರು 2.5 ವೋಲ್ಟ್ ಬರಬೇಕು. 0 ಮತ್ತು 5ರ ನಡುವೆ ಸಮಸಮ ಹೊಡೆದಾಡುವ ಚೌಕ ಅಲೆಯ ಸರಾಸರಿ ಅಷ್ಟೇ ಅಲ್ವಾ. 3.5 ಬಂದರೆ ಮಾಸ್‌ಫೆಟ್ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಆನ್ ಇದೆ ಎಂದು ಅರ್ಥ. ಆಸಿಲೋಸ್ಕೋಪ್ ಇಲ್ಲದವರಿಗೆ ಇದು ಭಾಳ ಬೆಲೆಯ ಪರೀಕ್ಷೆ.

ಇಲ್ಲಿ ಹಾವೇರಿಯ ವಿದ್ಯಾರ್ಥಿಯೊಬ್ಬ ತಂದ ಬೋರ್ಡಿನ ವಿಷಯ ಹೇಳಲೇಬೇಕು. ಪವರ್ ಕೊಟ್ಟ ಕೂಡಲೇ ಮಾಸ್‌ಫೆಟ್ ಸತ್ತುಹೋಗುತ್ತಿದ್ದವು. ಅವನು ಒಂಬತ್ತು ಮಾಸ್‌ಫೆಟ್ ಕಳೆದುಕೊಂಡಿದ್ದ. ಮಾಲು ನಕಲಿ ಎಂದು ಅಂಗಡಿಯವರ ಮೇಲೆ ಸಿಟ್ಟಾಗಿದ್ದ. ಗೇಟ್ ಅಳೆದು ನೋಡಿದೆ. ಕೀ ಬಿಟ್ಟಾಗ 5 ವೋಲ್ಟ್! 74ಎಸಿಟಿ00 ಒಳಗೆ ನಾಲ್ಕು ನ್ಯಾಂಡ್ ಲಾಜಿಕ್ ಗೇಟ್‌ಗಳಿವೆ (ಮಾಸ್‌ಫೆಟ್‌ನ ಗೇಟ್ ಬೇರೆ). ಎರಡೂ ಇನ್‌ಪುಟ್ ಮೇಲೆ (ಹೈ) ಇದ್ದರೆ ಮಾತ್ರ ನ್ಯಾಂಡ್‌ನ ಔಟ್‌ಪುಟ್ ಕೆಳಗೆ (ಲೋ, 0 ವೋಲ್ಟ್) ಇರುತ್ತದೆ. ಅವನು ನಾಲ್ಕನ್ನೂ ಪ್ಯಾರಲಲ್ ಮಾಡಿ ಒಂದೇ ಹಂತದಲ್ಲಿ ಬಳಸಿದ್ದ. 7 ಮೆಗಾಹರ್ಟ್ಸ್ ಅಲೆ ಹುಟ್ಟಿಸುವ ಎಸ್ಐ5351 ಆಸಿಲೇಟರ್ ನಿಂತಾಗ ಅದರ ಔಟ್‌ಪುಟ್ ಕೆಳಗೆ ಇರುತ್ತಿತ್ತು. ನ್ಯಾಂಡ್ ಅದನ್ನು ತಿರುಗಿಸಿ ಮೇಲೆ ಕೊಡುತ್ತಿತ್ತು. ಮಾಸ್‌ಫೆಟ್ ಪೂರ್ತಿ ಆನ್. ಡ್ರೇನ್‌ನಿಂದ 12 ವೋಲ್ಟಿಗೆ ನಡುವೆ ಇರುವುದು ತಾಮ್ರದ ಒಂದು ಕಾಯಿಲ್ ಮಾತ್ರ, ಡಿಸಿಗೆ ಅದು ಬರೀ ತಂತಿ. ನೇರ ಶಾರ್ಟ್.

ಗೇಟ್‌ಗೆ ಕೆಪಾಸಿಟರ್ ಹಾಕಿ ಡಿಸಿ ತಡೆಯೋಣ ಎಂದು ಅವನು ಕೇಳಿದ. ಒಳ್ಳೆಯ ಪ್ರಶ್ನೆ, ಆದರೆ ಇಲ್ಲಿ ನಡೆಯುವುದಿಲ್ಲ. ಕೆಪಾಸಿಟರ್ ದಾಟಿದ 5 ವೋಲ್ಟ್ ಚೌಕ ಅಲೆ ಮೇಲೆ 2.5, ಕೆಳಗೆ 2.5 ಆಗಿ ಹಂಚಿಹೋಗುತ್ತದೆ. ಬಿಎಸ್170 ತೆರೆಯಲು ಶುರುವಾಗುವ ವೋಲ್ಟೇಜೇ 0.8ರಿಂದ 3ರವರೆಗೆ ಎಲ್ಲಿ ಬೇಕಾದರೂ ಇರಬಹುದು. 2.5ಕ್ಕೆ ಅದು ಅರ್ಧಂಬರ್ಧ ತೆರೆದು ಇನ್ನೂ ಜಾಸ್ತಿ ಬಿಸಿಯಾಗುತ್ತದೆ. ಸರಿಯಾದ ದಾರಿ ಬೇರೆ. ಒಂದು ನ್ಯಾಂಡ್‌ನ ಒಂದು ಕಾಲಿಗೆ ಆಸಿಲೇಟರ್, ಇನ್ನೊಂದು ಕಾಲಿಗೆ ಕೀ ಲೈನ್ ಕೊಡಿ. ಉಳಿದ ಮೂರನ್ನು ಪ್ಯಾರಲಲ್ ಮಾಡಿ ಅದರ ಮುಂದೆ ಇಡಿ. ಕೀ ಲೈನ್ ಕೆಳಗಿದ್ದಾಗ ಮೊದಲನೆಯದು ಮೇಲೆ, ಮೂರರ ಗುಂಪು ಕೆಳಗೆ. ಆಸಿಲೇಟರ್ ಏನೇ ಮಾಡಲಿ, ಮಾಸ್‌ಫೆಟ್ ಮುಚ್ಚಿರುತ್ತದೆ. ಕೀ ಲೈನಿಗೆ ಅದನ್ನು 0 ವೋಲ್ಟಿಗೆ ಹಿಡಿಯುವ 10 ಕಿಲೋಓಮ್ ಪುಲ್-ಡೌನ್ ರೆಸಿಸ್ಟರ್ ಮರೆಯಬೇಡಿ, ಇಲ್ಲದಿದ್ದರೆ ಲೈನ್ ನಡೆಸುವ ಆರ್ಡುಯಿನೋ ಬೋರ್ಡ್ ಎಚ್ಚರವಾಗುವ ಮುಂಚೆಯೇ ಲೈನ್ ತೇಲುತ್ತಿರುತ್ತದೆ. ಮೂರು ಮಾಸ್‌ಫೆಟ್‌ಗೂ ಬೇರೆ ಬೇರೆ 10 ಓಮ್ ಗೇಟ್ ರೆಸಿಸ್ಟರ್ ಹಾಕಿದರೆ ಅವು ತಮ್ಮತಮ್ಮಲ್ಲೇ ವಿಎಚ್‌ಎಫ್‌ನಲ್ಲಿ (30 ಮೆಗಾಹರ್ಟ್ಸ್‌ಗೂ ಮೇಲೆ) ಹಾಡುವುದೂ, ಅಂದರೆ ತಾವೇ ಆಸಿಲೇಟ್ ಆಗುವುದೂ, ನಿಲ್ಲುತ್ತದೆ.

ಇನ್ನೊಂದು ಸಣ್ಣ ವಿಷಯ, ದೊಡ್ಡ ತೊಂದರೆ. ಅಂಗಡಿಯಲ್ಲಿ 74ಎಸಿಟಿ00 ಸಿಗದಿದ್ದರೆ 74ಎಚ್‌ಸಿ00 ಕೊಡುತ್ತಾರೆ, ಕಾಲುಗಳ ಜೋಡಣೆ ಒಂದೇ. ಆದರೆ 5 ವೋಲ್ಟ್ ಸಪ್ಲೈನಲ್ಲಿ ಎಚ್‌ಸಿ ಜಾತಿಗೆ ಮೇಲಿನ ಸ್ಥಿತಿ ಅಂದರೆ ಸುಮಾರು 3.5 ವೋಲ್ಟ್ ಬೇಕು. ಎಸ್ಐ5351 ಕೊಡುವುದು 3.3. ಕೆಲವೊಮ್ಮೆ ನಡೆಯುತ್ತದೆ, ಬಿಸಿಲು ಏರಿದಾಗ ಕೈಕೊಡುತ್ತದೆ. ಎಸಿಟಿಗೆ 2 ವೋಲ್ಟ್ ಸಾಕು, ಗೇಟ್ ತುಂಬಿಸುವ ಶಕ್ತಿಯೂ ಜಾಸ್ತಿ. ಆ ಮೂರು ಅಕ್ಷರ ಓದಿಕೊಂಡೇ ಕೊಳ್ಳಿ.

ನನ್ನ ಬೋರ್ಡಿನಲ್ಲಿ ಗೇಟ್ ಸರಿಯಿತ್ತು. ಕೀ ಬಿಟ್ಟಾಗ 0, ಒತ್ತಿದಾಗ 2.4. ಹಾಗಾದರೆ ಕಾಣೆಯಾದ ವ್ಯಾಟ್ ಡ್ರೇನ್ ಆಚೆಗೆ.

ಬೆರಳು ಏನು ಹೇಳುತ್ತದೆ

ಐದು ಸೆಕೆಂಡ್ ಕೀ ಒತ್ತಿ, ಬಿಟ್ಟು, ಸಪ್ಲೈ ತೆಗೆದು, ಒಂದೊಂದಾಗಿ ಎಲ್ಲ ಭಾಗ ಮುಟ್ಟಿ ನೋಡಿ. ಕೀ ಒತ್ತಿರುವಾಗ ಮುಟ್ಟಬೇಡಿ, ಆರ್‌ಎಫ್ (ರೇಡಿಯೋ ಫ್ರೀಕ್ವೆನ್ಸಿ ಕರೆಂಟ್) ಚರ್ಮ ಸುಡುತ್ತದೆ. ಮೂರು ಮಾಸ್‌ಫೆಟ್‌ನಲ್ಲಿ ಎರಡು ಬಿಸಿ, ಒಂದು ತಣ್ಣಗೆ ಇದ್ದರೆ ತಣ್ಣಗಿರುವುದೇ ಕೆಲಸ ಮಾಡುತ್ತಿಲ್ಲ. ಮೀಟರ್‌ನಲ್ಲಿ ಇದು ಸಿಗುವುದಿಲ್ಲ, ಯಾಕೆಂದರೆ ಮೂರೂ ಪ್ಯಾರಲಲ್ ಇವೆ.

ನನ್ನಲ್ಲಿ ಮೂರೂ ಒಂದೇ ಸಮ ಬಿಸಿಯಿದ್ದವು. ಅದರ ಜೊತೆ ಫಿಲ್ಟರ್‌ನ ಮೊದಲ ಕೆಪಾಸಿಟರ್ ಕೂಡ ಬಿಸಿ! ಕೆಪಾಸಿಟರ್ ಬಿಸಿಯಾಗಬಾರದು. ಅದು 270 ಪಿಕೋಫ್ಯಾರಡ್‌ನ ಕಂದು ಬಣ್ಣದ ಡಿಸ್ಕ್, ಡಬ್ಬಿಯಲ್ಲಿ ಸಿಕ್ಕಿತೆಂದು ಹಾಕಿದ್ದೆ. ಅಂಥ ಅಗ್ಗದ ಸೆರಾಮಿಕ್ ಸಪ್ಲೈ ಬೈಪಾಸ್‌ಗೆ ಸರಿ, ಆರ್‌ಎಫ್ ಕರೆಂಟ್ ಹರಿಯುವ ಜಾಗಕ್ಕಲ್ಲ. ವೋಲ್ಟೇಜ್ ಮತ್ತು ಬಿಸಿಗೆ ತಕ್ಕಂತೆ ಅದರ ಕೆಪಾಸಿಟೆನ್ಸ್ ಬದಲಾಗುತ್ತದೆ, ಒಳಗೇ ಪವರ್ ತಿನ್ನುತ್ತದೆ. ಇಲ್ಲಿ ಸಿ0ಜಿ ಅಥವಾ ಎನ್‌ಪಿ0 ಎಂದು ಬರೆದದ್ದೇ ಬೇಕು, ಕನಿಷ್ಠ 100 ವೋಲ್ಟಿನದು. ಬದಲಿಸಿದೆ. ಪವರ್ 3.1 ವ್ಯಾಟ್‌ಗೆ ಏರಿತು. ಕರೆಂಟ್ ಅಷ್ಟೇ ಇತ್ತು. ಅಂದರೆ ಕಾಣೆಯಾದದ್ದರಲ್ಲಿ 0.2 ವ್ಯಾಟ್ ಸಿಕ್ಕಿತು. ಆದರೆ ಹೊಸ ಕೆಪಾಸಿಟರ್ ಸುಡದಿದ್ದರೂ ಬೆಚ್ಚಗಿತ್ತು, ಮಾಸ್‌ಫೆಟ್‌ಗಳ ಬಿಸಿ ಇಳಿಯಲೇ ಇಲ್ಲ. ಆ ಜಾಗದಲ್ಲಿ ಇಷ್ಟು ಕರೆಂಟ್ ಯಾಕೆ ಹರಿಯುತ್ತಿದೆ? ಇದೇ ಪ್ರಶ್ನೆ ನನ್ನನ್ನು ನಿಜವಾದ ದೋಷಕ್ಕೆ ಕರೆದುಕೊಂಡು ಹೋಯಿತು.

ಡ್ರೇನ್ ಅಲೆ ಓದುವುದು

ಕ್ಲಾಸ್-ಇ ಎಂಬ ಉಪಾಯವನ್ನು 1975ರಲ್ಲಿ ನೇಥನ್ ಸೋಕಲ್ ಮತ್ತು ಆಲನ್ ಸೋಕಲ್ ಪ್ರಕಟಿಸಿದರು. ಅದರ ಜೀವಾಳ ಇಷ್ಟೇ: ಡ್ರೇನ್ ವೋಲ್ಟೇಜ್ ಸೊನ್ನೆಗೆ ಇಳಿದ ಗಳಿಗೆಯಲ್ಲೇ ಮಾಸ್‌ಫೆಟ್ ಆನ್ ಆಗಬೇಕು. ಪಂಚಮಿಗೆ ನಮ್ಮ ಕಡೆ ಮರಕ್ಕೆ ಜೋಕಾಲಿ ಕಟ್ಟುತ್ತೇವಲ್ಲ. ಜೋಕಾಲಿ ತುದಿ ಮುಟ್ಟಿ ಒಂದು ಕ್ಷಣ ನಿಂತಾಗ ದೂಡಿದರೆ ಕೈಗೆ ಭಾರವೇ ಗೊತ್ತಾಗುವುದಿಲ್ಲ. ರಭಸದಿಂದ ಬರುತ್ತಿರುವಾಗ ಅಡ್ಡ ಕೈ ಕೊಟ್ಟರೆ ಮುಂಗೈ ಮುರಿಯುತ್ತದೆ. ಮಾಸ್‌ಫೆಟ್‌ನ ಪಾಡೂ ಅದೇ.

ನಾನು ಬಳಸಿದ್ದು ಪ್ಯಾರಲಲ್ ಸರ್ಕ್ಯೂಟ್ ಕ್ಲಾಸ್-ಇ ಎಂಬ ರೂಪ. ಜಾಗ ಕಡಿಮೆ ಇರುವವರಿಗೆ ಇದು ವರ. ದೊಡ್ಡ ಚೋಕ್ ಬೇಡ, ಸಣ್ಣ ಕಾಯಿಲ್ ಒಂದೇ ಸಪ್ಲೈಯನ್ನೂ ಕೊಡುತ್ತದೆ, ಟ್ಯೂನಿಂಗ್‌ನಲ್ಲೂ ಪಾಲು ತೆಗೆದುಕೊಳ್ಳುತ್ತದೆ. ಲೋಡ್ ಓಮ್ ಎಷ್ಟಿರಬೇಕು ಎಂದರೆ 1.365 ಗುಣಿಲೆ ಸಪ್ಲೈ ವೋಲ್ಟಿನ ವರ್ಗ, ಅದನ್ನು ಪವರ್‌ನಿಂದ ಭಾಗಿಸಿ. 12 ವೋಲ್ಟ್, 3.9 ವ್ಯಾಟ್ ಹಾಕಿದರೆ ಸರಿಯಾಗಿ 50 ಓಮ್ ಬರುತ್ತದೆ. ಟ್ರಾನ್ಸ್‌ಫಾರ್ಮರ್ ಕೂಡ ಬೇಡವಾಯಿತು. ಕಾಯಿಲ್‌ನ ರಿಯಾಕ್ಟೆನ್ಸ್ (ಎಸಿ ಕರೆಂಟಿಗೆ ಅದು ಒಡ್ಡುವ ತಡೆ) ಲೋಡಿನ 0.732 ಪಟ್ಟು. 7.05 ಮೆಗಾಹರ್ಟ್ಸ್‌ಗೆ ಅದು 0.83 ಮೈಕ್ರೋಹೆನ್ರಿ. ಟಿ50-2 ಎಂಬ ಬಳೆಯಾಕಾರದ ಕೆಂಪು ಟೊರಾಯ್ಡ್ ಮೇಲೆ 13 ಸುತ್ತು. ಡ್ರೇನ್‌ನಿಂದ ನೆಲಕ್ಕೆ (ಗ್ರೌಂಡ್‌ಗೆ) ಬೇಕಾದ ಕೆಪಾಸಿಟರ್ 309 ಪಿಕೋಫ್ಯಾರಡ್. ಮಾಸ್‌ಫೆಟ್‌ಗಳ ಒಳಗಿನದೇ ಸುಮಾರು 60 ಎಂದು ಹಿಡಿದರೆ, ಹೊರಗೆ 250 ಹಾಕಬೇಕು. ಹಾಕಿದ್ದೆ.

ಆಸಿಲೋಸ್ಕೋಪ್‌ನಲ್ಲಿ ಅಲೆ ನೋಡಲು ಪ್ರೋಬ್ ×10ರಲ್ಲಿ ಇರಲಿ. ×1ರಲ್ಲಿ ಪ್ರೋಬೇ 100 ಪಿಕೋಫ್ಯಾರಡ್‌ನಷ್ಟು ಸೇರಿಸಿ ಸರ್ಕ್ಯೂಟ್ ಕೆಡಿಸುತ್ತದೆ. ಗ್ರೌಂಡ್ ಕ್ಲಿಪ್‌ನ ಉದ್ದ ವೈರ್ ಬಿಟ್ಟು, ಪ್ರೋಬ್ ತುದಿಯಲ್ಲೇ ಸಣ್ಣ ತಂತಿ ಸುತ್ತಿ ನೆಲ ಮುಟ್ಟಿಸಿ. ಸರಿಯಾದ ಬೋರ್ಡಿನಲ್ಲಿ ಕಾಣಬೇಕಾದದ್ದು ಹೀಗೆ: ಅರ್ಧ ಆವರ್ತ, ಅಂದರೆ 71 ನ್ಯಾನೋಸೆಕೆಂಡ್, ವೋಲ್ಟೇಜ್ ನೆಲಕ್ಕೆ ಅಂಟಿರುತ್ತದೆ. ಉಳಿದರ್ಧದಲ್ಲಿ ಒಂದೇ ಒಂದು ಗುಡ್ಡ. ತುದಿ ಸಪ್ಲೈನ 3.65 ಪಟ್ಟು, ಸುಮಾರು 44 ವೋಲ್ಟ್. ಆಮೇಲೆ ಗುಡ್ಡ ನುಣ್ಣಗೆ ಇಳಿದು ನೆಲ ಮುಟ್ಟಿದ ಹೊತ್ತಿಗೇ ಗೇಟ್ ಮೇಲೇಳಬೇಕು.

ನನ್ನ ಅಲೆ ಹಾಗಿರಲಿಲ್ಲ. ಗುಡ್ಡ ಕುಳ್ಳಗಿತ್ತು, 30 ವೋಲ್ಟ್ ಅಷ್ಟೇ. ಇನ್ನೂ 22 ವೋಲ್ಟ್ ಎತ್ತರದಲ್ಲಿ ಇರುವಾಗಲೇ ಗೇಟ್ ಆನ್ ಆಗಿ, ಕಡಿದಾದ ಬಂಡೆಯ ಅಂಚಿನಂತೆ ಒಮ್ಮೆಲೇ ಕೆಳಗೆ ಬೀಳುತ್ತಿತ್ತು. ಗುಡ್ಡ ಬೇಗ ಇಳಿದು ನೆಲಕ್ಕಿಂತ ಕೆಳಗೆ ಹೋಗಲು ನೋಡಿದರೆ ಕೆಪಾಸಿಟರ್ ಕಡಿಮೆಯಾಗಿದೆ. ಇಳಿಯಲು ಹೊತ್ತೇ ಸಾಲದಿದ್ದರೆ ಕೆಪಾಸಿಟರ್ ಜಾಸ್ತಿಯಾಗಿದೆ. ನನ್ನಲ್ಲಿ ಜಾಸ್ತಿ. ಆದರೆ ನಾನು ಹಾಕಿದ್ದು 250 ಮಾತ್ರ, ಎರಡು ಸಲ ಅಳೆದಿದ್ದೆ. ಉಳಿದದ್ದು ಎಲ್ಲಿಂದ ಬಂತು?

ರಾತ್ರಿ ಊಟ ಮಾಡುವಾಗ ಹೊಳೆಯಿತು. ಫಿಲ್ಟರ್! ನನ್ನ ಹಳೆಯ ಕ್ಲಾಸ್-ಸಿ ಆಂಪ್ಲಿಫೈಯರ್‌ನ ಫಿಲ್ಟರನ್ನು ಹಾಗೆಯೇ ತಂದು ಕೂಡಿಸಿದ್ದೆ. ಅದು ಶುರುವಾಗುವುದೇ ನೆಲಕ್ಕೆ ಹೋಗುವ 270 ಪಿಕೋಫ್ಯಾರಡ್‌ನಿಂದ. 7 ಮೆಗಾಹರ್ಟ್ಸ್‌ಗೆ ಆ ಫಿಲ್ಟರ್ 50 ಓಮ್‌ನಂತೆ ಕಾಣುತ್ತದೆ, ನಿಜ. ಆದರೆ ಡ್ರೇನ್‌ನ ಗುಡ್ಡ ಬರೀ 7 ಮೆಗಾಹರ್ಟ್ಸ್‌ನಿಂದ ಆದದ್ದಲ್ಲ. ಅದರಲ್ಲಿ 14, 21 ಮೆಗಾಹರ್ಟ್ಸ್ ಕೂಡ ಬೇಕು. ಆ ಹಾರ್ಮೋನಿಕ್‌ಗಳಿಗೆ ಆ 270 ನೇರವಾಗಿ ಡ್ರೇನ್ ಕೆಪಾಸಿಟರ್ ಜೊತೆ ಸೇರಿಕೊಳ್ಳುತ್ತದೆ. 309 ಇರಬೇಕಾದಲ್ಲಿ 579. ಆ ಕೆಪಾಸಿಟರ್ ಬಿಸಿಯಾಗಿದ್ದಕ್ಕೂ ಇದೇ ಕಾರಣ, ಹಾರ್ಮೋನಿಕ್ ಕರೆಂಟ್ ಎಲ್ಲ ಅದರ ಮೂಲಕವೇ ನೆಲಕ್ಕೆ ಓಡುತ್ತಿತ್ತು.

ಲೆಕ್ಕ ಹಾಕಿ ನೋಡಿ. ತುಂಬಿದ ಕೆಪಾಸಿಟರ್ ಮೇಲೆ ಮಾಸ್‌ಫೆಟ್ ಆನ್ ಆದರೆ, ಒಳಗಿದ್ದ ಶಕ್ತಿಯೆಲ್ಲ ಮಾಸ್‌ಫೆಟ್‌ನಲ್ಲೇ ಸುಡುತ್ತದೆ. ಅದು ಕೆಪಾಸಿಟೆನ್ಸ್‌ನ ಅರ್ಧ ಗುಣಿಲೆ ವೋಲ್ಟಿನ ವರ್ಗ, ಸೆಕೆಂಡಿಗೆ 70 ಲಕ್ಷ ಸಲ. 579 ಪಿಕೋಫ್ಯಾರಡ್, 22 ವೋಲ್ಟ್, 7.05 ಮೆಗಾಹರ್ಟ್ಸ್ ಹಾಕಿದರೆ ಹತ್ತಿರ ಹತ್ತಿರ 1 ವ್ಯಾಟ್. ಕಾಣೆಯಾದ 2.1ರಲ್ಲಿ ಅರ್ಧದಷ್ಟು ಇಲ್ಲೇ ಇತ್ತು. ಬಿಎಸ್170 ಒಂದೊಂದೂ 25 ಡಿಗ್ರಿಯಲ್ಲಿ ತಾಳುವುದು 830 ಮಿಲಿವ್ಯಾಟ್. ನಮ್ಮ ಏಪ್ರಿಲ್‌ನ 38 ಡಿಗ್ರಿಯಲ್ಲಿ ಅದು ಸುಮಾರು 740ಕ್ಕೆ ಇಳಿಯುತ್ತದೆ. ಅವು ಸಾಯದೆ ಉಳಿದದ್ದೇ ಹೆಚ್ಚು.

ಸರಿಪಡಿಸಿದ್ದು

ಡ್ರೇನ್ ಮತ್ತು ಫಿಲ್ಟರ್ ನಡುವೆ ಸೀರೀಸ್‌ನಲ್ಲಿ ಒಂದು ಕಾಯಿಲ್, ಒಂದು ಕೆಪಾಸಿಟರ್ ಹಾಕಿದೆ. 7 ಮೆಗಾಹರ್ಟ್ಸ್‌ಗೆ ಅವೆರಡೂ ಒಂದನ್ನೊಂದು ಕಳೆದುಕೊಂಡು ದಾರಿ ಬಿಡುತ್ತವೆ. ಹಾರ್ಮೋನಿಕ್‌ಗಳಿಗೆ ಕಾಯಿಲ್ ಅಡ್ಡ ಗೋಡೆಯಾಗುತ್ತದೆ. ಆಗ ಡ್ರೇನ್‌ಗೆ ಫಿಲ್ಟರ್‌ನ ಮೊದಲ ಕೆಪಾಸಿಟರ್ ಕಾಣುವುದಿಲ್ಲ. ಎರಡರ ರಿಯಾಕ್ಟೆನ್ಸೂ ಲೋಡಿನ ಮೂರು ಪಟ್ಟು, 150 ಓಮ್ ಎಂದು ಆರಿಸಿದೆ. ಕೆಪಾಸಿಟರ್ 150 ಪಿಕೋಫ್ಯಾರಡ್, ಕಾಯಿಲ್ 3.4 ಮೈಕ್ರೋಹೆನ್ರಿ, ಟಿ50-2 ಮೇಲೆ 26 ಸುತ್ತು. ಸುತ್ತುಗಳನ್ನು ಒತ್ತಿ ಹತ್ತಿರ ತಂದರೆ ಇಂಡಕ್ಟೆನ್ಸ್ ತುಸು ಏರುತ್ತದೆ, ಬಿಡಿಸಿದರೆ ಇಳಿಯುತ್ತದೆ. ಅಲೆ ನೋಡುತ್ತಾ ಹಾಗೆಯೇ ಹೊಂದಿಸಿ. ಇನ್ನೂ ಹೆಚ್ಚು ಪಟ್ಟು ಇಟ್ಟರೆ ಗುಡ್ಡ ಇನ್ನಷ್ಟು ಚೆನ್ನಾಗಿ ಬರುತ್ತದೆ, ಆದರೆ ಕಾಯಿಲ್ ದೊಡ್ಡದಾಗಿ ಅದರಲ್ಲೇ ನಷ್ಟ ಶುರುವಾಗುತ್ತದೆ. ಪುಟ್ಟ ಬೋರ್ಡಿಗೆ ಮೂರು ಪಟ್ಟು ಸಾಕು ಎಂಬುದು ನನ್ನ ಅಭಿಪ್ರಾಯ.

ಕಾಯಿಲ್ ಸುತ್ತುವಾಗ ಎರಡು ತಪ್ಪು ಪದೇ ಪದೇ ಆಗುತ್ತವೆ. ತಂತಿ ಟೊರಾಯ್ಡ್‌ನ ತೂತಿನೊಳಗೆ ಒಮ್ಮೆ ಹೋದರೆ ಅದೇ ಒಂದು ಸುತ್ತು. ಹೊರಗಡೆ ಎಣಿಸಿದರೆ ಒಂದು ತಪ್ಪುತ್ತದೆ. 13ರ ಬದಲು 12 ಆದರೆ ಇಂಡಕ್ಟೆನ್ಸ್ ಶೇಕಡಾ 15ರಷ್ಟು ಕಡಿಮೆ. ಎರಡನೆಯದು ತಂತಿಯ ವಿಷಯ. ನಮ್ಮ ಕಡೆ ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಅಂಗಡಿಗಳಲ್ಲಿ ತಾಮ್ರದ ತಂತಿ ಸುಲಭವಾಗಿ ಸಿಗುತ್ತದೆ, ನಾನೂ ಅಲ್ಲೇ ತರುತ್ತೇನೆ. ಆದರೆ ಆ ಎನಾಮೆಲ್ ಮೋಟಾರ್ ಬಿಸಿಗೆ ತಾಳುವಂಥದ್ದು, ಐರನ್ ಬಿಸಿಗೆ ಸುಡುವುದಿಲ್ಲ. ಬ್ಲೇಡಿನಿಂದ ಸುತ್ತಲೂ ಕೆರೆದು, ತವರ ಹಿಡಿಸಿ, ಆಮೇಲೆ ಬೋರ್ಡಿಗೆ ಹಾಕಿ. ಅರ್ಧ ಕೆರೆದ ತುದಿ ಮಲ್ಟಿಮೀಟರ್‌ನಲ್ಲಿ ಸರಿ ಎಂದೇ ತೋರಿಸುತ್ತದೆ. ಕರೆಂಟ್ ಹರಿದಾಗ ಅದೇ ಜಾಯಿಂಟ್ ಬಿಸಿಯಾಗುತ್ತದೆ, ಮತ್ತೆ ವ್ಯಾಟ್ ಕಾಣೆ.

ಮೊದಲ ಸಲ ಪವರ್ ಕೊಡುವಾಗ ಸಪ್ಲೈ ಸಾಲಿನಲ್ಲಿ ಕಾರ್ ಇಂಡಿಕೇಟರ್‌ನ 12 ವೋಲ್ಟ್, 21 ವ್ಯಾಟ್ ಬಲ್ಬ್ ಸೇರಿಸಿ. ಎಲ್ಲ ಸರಿಯಿದ್ದರೆ ಅದು ಹೆಚ್ಚೆಂದರೆ ಮಂಕಾಗಿ ಕೆಂಪಾಗಬಹುದು. ಪೂರ್ತಿ ಬೆಳಗಿದರೆ ಎಲ್ಲೋ ಶಾರ್ಟ್ ಇದೆ, ಕೂಡಲೇ ತೆಗೆಯಿರಿ.

ಬಲ್ಬ್ ತೆಗೆದು ಮತ್ತೆ ಅಳೆದೆ. ಗುಡ್ಡ 42 ವೋಲ್ಟ್ ಮುಟ್ಟಿ ನುಣ್ಣಗೆ ಇಳಿಯುತ್ತಿತ್ತು. ಮೀಟರ್ 18.4 ತೋರಿಸಿತು, ಅಂದರೆ 3.6 ವ್ಯಾಟ್. ಕರೆಂಟ್ 0.36. ಒಳಗೆ ಹೋದದ್ದರಲ್ಲಿ ಶೇಕಡಾ 83 ಹೊರಗೆ ಬರುತ್ತಿತ್ತು. ಕಾಣೆಯಾದದ್ದು ಈಗ 0.7 ವ್ಯಾಟ್, ಅದೂ ಮೂರು ಮಾಸ್‌ಫೆಟ್, ಕಾಯಿಲ್, ಫಿಲ್ಟರ್ ಎಲ್ಲದರ ನಡುವೆ ಹಂಚಿಕೊಂಡಿದೆ. ಒಂದು ನಿಮಿಷ ಕೀ ಒತ್ತಿ ಹಿಡಿದು ಬಿಟ್ಟ ಮೇಲೂ ಮಾಸ್‌ಫೆಟ್ ಮೇಲೆ ಬೆರಳು ಇಟ್ಟುಕೊಂಡೇ ಇರಬಹುದಿತ್ತು.

ಡಮ್ಮಿ ಲೋಡಿನಲ್ಲಿ ಸರಿ, ಆಂಟೆನಾದಲ್ಲಿ ಕೆಡುತ್ತದೆ ಎಂದಾದರೆ

ಆಗ ಬೋರ್ಡ್ ಬಿಟ್ಟು ಮೇಲೆ ನೋಡಿ. ಕ್ಲಾಸ್-ಇ ಲೋಡ್ ವಿಷಯದಲ್ಲಿ ಭಾಳ ಸೂಕ್ಷ್ಮ. 50 ಓಮ್ ಇದ್ದದ್ದು ಬದಲಾದರೆ ಗುಡ್ಡದ ಆಕಾರವೇ ಬದಲಾಗುತ್ತದೆ. ಬಿಎಸ್170 ತಾಳುವುದು 60 ವೋಲ್ಟ್. 12 ವೋಲ್ಟಿನಲ್ಲಿ ನಮಗೆ 16 ವೋಲ್ಟ್ ಉಸಿರಾಡಲು ಜಾಗವಿದೆ. ಕಾರ್ ಬ್ಯಾಟರಿಯ 13.8ರಲ್ಲಿ ತುದಿ 50 ಮುಟ್ಟುತ್ತದೆ. ಎಸ್‌ಡಬ್ಲ್ಯುಆರ್, ಅಂದರೆ ಆಂಟೆನಾದ ಹೊಂದಾಣಿಕೆ, ಕೆಟ್ಟರೆ ಉಳಿದ 10 ವೋಲ್ಟ್ ಸಾಲುವುದಿಲ್ಲ. ಜುಲೈನಲ್ಲಿ ಧಾರವಾಡದ ಜಿಟಿಜಿಟಿ ಮಳೆಗೆ ಕೇಬಲ್ ಜಾಯಿಂಟ್‌ನಲ್ಲಿ ನೀರು ಕುಡಿದು, ಮಾವಿನ ಮರಕ್ಕೆ ಕಟ್ಟಿದ 20 ಮೀಟರ್ ಉದ್ದದ ಡೈಪೋಲ್ ಆಂಟೆನಾ ಹಸಿ ಎಲೆಗಳ ನಡುವೆ ಜೋತುಬಿದ್ದಾಗ ಹೀಗಾಗುತ್ತದೆ. ಒಂದು ಮಳೆಗಾಲದಲ್ಲಿ ನಾನು ಒಂದು ಸೆಟ್ ಮಾಸ್‌ಫೆಟ್ ಹೀಗೆಯೇ ಕಳೆದುಕೊಂಡೆ. ಈಗ ಡ್ರೇನ್‌ನಿಂದ ನೆಲಕ್ಕೆ ಮಿತಿ ಮೀರಿದ ವೋಲ್ಟೇಜನ್ನು ತಡೆಯುವ 51 ವೋಲ್ಟಿನ 1 ವ್ಯಾಟ್ ಝೀನರ್ ಡಯೋಡ್ ಒಂದನ್ನು ಇಟ್ಟಿದ್ದೇನೆ. ಅದರ ಒಳಗಿನ ಕೆಪಾಸಿಟೆನ್ಸ್ ಎಷ್ಟಿದೆಯೋ ಅಷ್ಟನ್ನು ಹೊರಗಿನ 250ರಿಂದ ಕಳೆಯಬೇಕು, ಇಲ್ಲದಿದ್ದರೆ ಹಳೆಯ ದೋಷ ಹಿಂಬಾಗಿಲಿನಿಂದ ಬರುತ್ತದೆ. ನಾನು 22 ಪಿಕೋಫ್ಯಾರಡ್‌ನ ಒಂದು ಕೆಪಾಸಿಟರ್ ಕಿತ್ತೆ. ಗುಡ್ಡ ಮತ್ತೆ ನೆಲ ಮುಟ್ಟಿತು.